ಕೆಇ ಕುಟುಂಬ: ಪದದ ಬಾಲ ಕಳಚಿದ್ದು ಎಲ್ಲಿ?

1980ರ ದಶಕದ ಕೊನೆ. ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್‌ನ ಪ್ರಾಥಮಿಕ ಶಾಲೆಯೊಂದರಲ್ಲಿ ಮಾತಿನ ತೊಂದರೆಯಿರುವ ಮಕ್ಕಳಿಗೆಂದು ಪ್ರತ್ಯೇಕ ವಿಭಾಗವಿತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಏಳು ಮಕ್ಕಳು ಒಂದೇ ಮನೆತನದವರು, ಎಲ್ಲರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ಆ ವಿಭಾಗದ ಶಿಕ್ಷಕಿಗೆ ಇದು ಆಕಸ್ಮಿಕ ಎನ್ನಿಸಲಿಲ್ಲ. ಮನೆಯವರನ್ನು ಒಪ್ಪಿಸಿ ಲಂಡನ್ನಿನ ಮಕ್ಕಳ ಆರೋಗ್ಯ ಸಂಸ್ಥೆಯ ತಳಿವೈದ್ಯರ ಬಳಿ ಕಳಿಸಿದರು. ಮುಂದಿನ ಎರಡು ದಶಕಗಳಲ್ಲಿ ಈ ಕುಟುಂಬದಷ್ಟು ಪರೀಕ್ಷೆಗೊಳಗಾದ ಇನ್ನೊಂದು ಕುಟುಂಬ ಭಾಷಾವಿಜ್ಞಾನದಲ್ಲಿ ಇರಲಿಕ್ಕಿಲ್ಲ. ಗುರುತು ಮರೆಮಾಡಲು ವಿಜ್ಞಾನಿಗಳು ಇಟ್ಟ ಹೆಸರು ಕೆಇ.

ವಂಶವೃಕ್ಷ ಬರೆದು ನೋಡಿದರೆ ಚಿತ್ರ ಸ್ಪಷ್ಟ. ಅಜ್ಜಿಗೆ ತೊಂದರೆಯಿತ್ತು, ಅಜ್ಜನಿಗೆ ಇರಲಿಲ್ಲ. ಅವರ ಐವರು ಮಕ್ಕಳಲ್ಲಿ ನಾಲ್ವರಿಗೆ ಬಂದಿತ್ತು. ಆ ನಾಲ್ವರ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬಂದಿತ್ತು. ತೊಂದರೆಯಿಲ್ಲದೆ ಉಳಿದ ಒಬ್ಬ ಮಗನ ಮಕ್ಕಳಿಗೆ ಏನೂ ಇರಲಿಲ್ಲ. ಗಂಡು ಹೆಣ್ಣೆಂಬ ಭೇದವಿಲ್ಲ, ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಹಾರುವುದೂ ಇಲ್ಲ. ತಂದೆ ಅಥವಾ ತಾಯಿಯಿಂದ ಬಂದ ಜೀನ್‌ನ ಒಂದೇ ಒಂದು ಕೆಟ್ಟ ಪ್ರತಿ ಸಾಕು ಎನ್ನುವ ಪ್ರಬಲ ಆನುವಂಶೀಯತೆಯ ಪಠ್ಯಪುಸ್ತಕದ ಉದಾಹರಣೆ ಇದು. ಭಾಷೆಯಂಥ ಜಟಿಲ ಸಂಗತಿಯಲ್ಲಿ ಇಷ್ಟು ಸರಳ ಲೆಕ್ಕಾಚಾರ ಸಿಕ್ಕುವುದೇ ಅಪರೂಪ.

1990ರಲ್ಲಿ ಜೇನ್ ಹರ್ಸ್ಟ್ ಮತ್ತು ಸಂಗಡಿಗರು ಮೊದಲ ವೈದ್ಯಕೀಯ ವರದಿ ಪ್ರಕಟಿಸಿದರು. ಅವರು ಕಂಡದ್ದು ಮುಖ್ಯವಾಗಿ ಉಚ್ಚಾರಣೆಯ ತೊಂದರೆ. ಕಿವಿ ಚೆನ್ನಾಗಿತ್ತು, ನಾಲಿಗೆ ತುಟಿಗಳಲ್ಲಿ ಬಲಹೀನತೆ ಇರಲಿಲ್ಲ, ಕೈಕಾಲಿನ ಚಲನೆ ಸರಿಯಿತ್ತು. ಆದರೆ ಮಾತಿನ ಧ್ವನಿಗಳನ್ನು ಒಂದರ ಹಿಂದೊಂದು ಸರಿಯಾದ ಕ್ರಮದಲ್ಲಿ ಹೊರಡಿಸಲು ಆಗುತ್ತಿರಲಿಲ್ಲ. ಒತ್ತಕ್ಷರ ಸಡಿಲವಾಗುತ್ತಿತ್ತು, ‘ಸ್ಪೂನ್’ ಎನ್ನಬೇಕಾದಲ್ಲಿ ‘ಬೂನ್’ ಎನ್ನುವ ರೀತಿ. ಚಿಕ್ಕವರಿದ್ದಾಗ ಮನೆಯ ಹೊರಗಿನವರಿಗೆ ಅವರ ಮಾತು ಅರ್ಥವಾಗುವುದೇ ಕಷ್ಟವಿತ್ತು. ದೊಡ್ಡವರಾದ ಮೇಲೂ ಮಾತು ಪೂರ್ತಿ ಸುಲಭವಾಗಲಿಲ್ಲ. ವರದಿಯ ಶೀರ್ಷಿಕೆಯಲ್ಲಿ ಇದ್ದದ್ದು ಆನುವಂಶಿಕ ಮಾತಿನ ದೋಷ ಎಂಬುದು ಮಾತ್ರ. ವ್ಯಾಕರಣದ ಸುದ್ದಿ ಅಲ್ಲಿ ಮುಂದೆ ಬಂದಿರಲಿಲ್ಲ.

ಒಂದು ಪುಟದ ಪತ್ರ

ವ್ಯಾಕರಣವನ್ನು ಮುಂದೆ ತಂದವರು ಮಿರ್ನಾ ಗೋಪ್ನಿಕ್. ಕೆನಡದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞೆ. ಇದೇ ಕುಟುಂಬವನ್ನು ಭೇಟಿಯಾಗಿ, ಪರೀಕ್ಷಿಸಿ, 1990ರಲ್ಲೇ ‘ನೇಚರ್’ ಪತ್ರಿಕೆಗೆ ಒಂದು ಪುಟದ ಪತ್ರ ಬರೆದರು. ಅವರ ವಾದ ಇಷ್ಟು: ಈ ಜನರಿಗೆ ಪದಗಳು ಗೊತ್ತು, ಲೋಕ ಗೊತ್ತು, ಹೇಳಬೇಕಾದ ವಿಷಯ ಗೊತ್ತು. ಗೊತ್ತಿಲ್ಲದಿರುವುದು ಪದದ ಮೇಲೆ ಕೂರುವ ವ್ಯಾಕರಣದ ಗುರುತುಗಳು. ಏಕವಚನ ಬಹುವಚನ, ವರ್ತಮಾನ ಭೂತ, ಇಂಥ ಲಕ್ಷಣಗಳಿಗೆ ಇವರ ಮನಸ್ಸು ಕುರುಡು.

ಇದನ್ನು ತೋರಿಸಲು ಬಳಸಿದ ಪರೀಕ್ಷೆಗಳಲ್ಲಿ ಒಂದು, 1958ರಲ್ಲಿ ಜೀನ್ ಬರ್ಕೋ ಎಂಬ ಸಂಶೋಧಕಿ ಮಕ್ಕಳಿಗಾಗಿ ರೂಪಿಸಿದ್ದ ಪರೀಕ್ಷೆಯ ಮಾದರಿಯದು. ಹಕ್ಕಿಮರಿಯಂಥ ಒಂದು ಚಿತ್ರ ತೋರಿಸಿ, ‘ಇದು ಒಂದು ವಗ್’ ಎನ್ನುವುದು. ಅಂಥ ಎರಡನ್ನು ತೋರಿಸಿ, ‘ಈಗ ಎರಡು ಇವೆ, ಎರಡು...?’ ಎಂದು ನಿಲ್ಲಿಸುವುದು. ವಗ್ ಎಂಬ ಪದವನ್ನು ಯಾರೂ ಹಿಂದೆ ಕೇಳಿಲ್ಲ. ಆದರೂ ನಾಲ್ಕೈದು ವರ್ಷದ ಇಂಗ್ಲಿಷ್ ಮಗು ‘ವಗ್ಸ್’ ಎಂದುಬಿಡುತ್ತದೆ. ಕಂಠಪಾಠ ಮಾಡಿ ಹೇಳಿದ್ದಲ್ಲ, ನಿಯಮ ಹಿಡಿದು ಕಟ್ಟಿದ್ದು. ಕನ್ನಡದಲ್ಲೂ ಹೀಗೇ. ‘ಗೂಗಲಿಸು’ ಎಂಬ ಕ್ರಿಯಾಪದ ನಮ್ಮ ಅಜ್ಜಿಯರ ಕಾಲದಲ್ಲಿ ಇರಲಿಲ್ಲ. ಅದರ ಭೂತಕಾಲ ‘ಗೂಗಲಿಸಿದ’ ಎಂದು ಯಾರೂ ನಮಗೆ ಕಲಿಸಲೂ ಇಲ್ಲ. ‘ಬರು’ ಎನ್ನುವುದು ‘ಬಂದ’ ಆಗುವುದು, ‘ಕೊಡು’ ಎನ್ನುವುದು ‘ಕೊಟ್ಟ’ ಆಗುವುದು, ‘ಬೀಳು’ ಎನ್ನುವುದು ‘ಬಿದ್ದ’ ಆಗುವುದು ಬೇರೆ ಲೆಕ್ಕ. ಅವನ್ನು ಒಂದೊಂದಾಗಿ ಕೇಳಿ ನೆನಪಿಟ್ಟುಕೊಳ್ಳಬೇಕು.

ಕೆಇ ಕುಟುಂಬದ ಬಾಧಿತರು ವಗ್ ಜಾತಿಯ ಪದಗಳ ಮುಂದೆ ಮುಗ್ಗರಿಸಿದರು. ಬರಹದಲ್ಲೂ ಭೂತಕಾಲದ ಗುರುತು ಬಿಡುತ್ತಿದ್ದರು. ವಾಕ್ಯ ಓದಿ ಸರಿಯೋ ತಪ್ಪೋ ಹೇಳಿ ಎಂದರೆ ತೀರ್ಪು ತಪ್ಪುತ್ತಿತ್ತು. ಸರಿಯಾಗಿ ಹೇಳಿದ ರೂಪಗಳೂ ಇದ್ದವು. ಆದರೆ ಗೋಪ್ನಿಕ್ ಅವರ ವಿವರಣೆಯಲ್ಲಿ ಅವು ಕಟ್ಟಿದ ರೂಪಗಳಲ್ಲ, ಇಡಿಯಾಗಿ ಕಲಿತ ಪದಗಳು. ನಮಗೆ ‘ಬುಕ್ಸ್’ ಎಂಬುದು ‘ಬುಕ್’ ಎಂಬುದರ ಬಹುವಚನ. ಇವರಿಗೆ ಅವು ಅರ್ಥದಲ್ಲಿ ಹತ್ತಿರವಿರುವ ಎರಡು ಬೇರೆ ಬೇರೆ ಪದಗಳು.

ಈ ವಾದ ಆಗ ಅಷ್ಟು ಬೆಲೆಬಾಳಲು ಕಾರಣವಿದೆ. 1986ರಲ್ಲಿ ಡೇವಿಡ್ ರುಮೆಲ್‌ಹಾರ್ಟ್ ಮತ್ತು ಜೇಮ್ಸ್ ಮೆಕ್ಲೆಲಂಡ್ ಇಂಗ್ಲಿಷಿನ ಭೂತಕಾಲವನ್ನು ಕಲಿಯುವ ಒಂದು ಕಂಪ್ಯೂಟರ್ ಜಾಲವನ್ನು ಕಟ್ಟಿ ತೋರಿಸಿದ್ದರು. ಅದರೊಳಗೆ ‘ನಿಯಮ’ ಎಂಬುದು ಎಲ್ಲೂ ಬರೆದಿರಲಿಲ್ಲ. ಕೇಳಿದ ಪದಗಳ ಹೋಲಿಕೆಯಿಂದಲೇ ಅದು ಹೊಸ ಪದಕ್ಕೂ ರೂಪ ಕೊಡುತ್ತಿತ್ತು, ಮಕ್ಕಳಂತೆ ನಡುವೆ ತಪ್ಪೂ ಮಾಡುತ್ತಿತ್ತು. 1988ರಲ್ಲಿ ಸ್ಟೀವನ್ ಪಿಂಕರ್ ಮತ್ತು ಅಲನ್ ಪ್ರಿನ್ಸ್ ಅದನ್ನು ಉದ್ದವಾಗಿ ಖಂಡಿಸಿದರು: ಮನಸ್ಸಿನಲ್ಲಿ ಎರಡು ಏರ್ಪಾಡುಗಳಿವೆ, ‘ವೆಂಟ್’ ಜಾತಿಯ ಪದಗಳಿಗೆ ನೆನಪು, ‘ವಾಕ್ಡ್’ ಜಾತಿಯವಕ್ಕೆ ನಿಯಮ. ಎರಡು ಪಂಗಡಗಳು ಹೀಗೆ ಕತ್ತಿ ಮಸೆಯುತ್ತಿದ್ದಾಗ, ನೆನಪು ಉಳಿದು ನಿಯಮ ಮಾತ್ರ ಹೋದಂತೆ ಕಾಣುವ ಒಂದು ಕುಟುಂಬ, ಅದೂ ವಂಶಪಾರಂಪರ್ಯವಾಗಿ, ಸಿಕ್ಕರೆ ಕೇಳಬೇಕೆ? ಪತ್ರಿಕೆಗಳು ‘ವ್ಯಾಕರಣದ ಜೀನ್’ ಎಂದು ಬರೆದವು. ಗೋಪ್ನಿಕ್ ಅವರ ಪತ್ರದಲ್ಲಿ ಇದ್ದದ್ದು ಅದಕ್ಕಿಂತ ಎಷ್ಟೋ ಎಚ್ಚರದ ಮಾತು. ಆದರೆ ತಲೆಬರಹಗಳಿಗೆ ಎಚ್ಚರ ಒಗ್ಗುವುದಿಲ್ಲ.

ಮರುಉತ್ತರ

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಎರಡು ಆಕ್ಷೇಪಗಳು ಬಂದವು. ಒಂದು ಭಾಷಾಶಾಸ್ತ್ರಜ್ಞ ಪಾಲ್ ಫ್ಲೆಚರ್ ಅವರದು. ಇನ್ನೊಂದು, ಈ ಕುಟುಂಬವನ್ನು ಬಹುಕಾಲ ಅಧ್ಯಯನ ಮಾಡಲಿದ್ದ ನರಮನೋವಿಜ್ಞಾನಿ ಫರಾನೇ ವರ್ಘಾ-ಖಾದೆಮ್ ಮತ್ತು ರಿಚರ್ಡ್ ಪ್ಯಾಸಿಂಗ್‌ಹ್ಯಾಮ್ ಅವರದು. ಸಾರ ಒಂದೇ: ಇವರ ತೊಂದರೆ ಪ್ರತ್ಯಯಗಳಿಗೆ ಸೀಮಿತವಲ್ಲ. ನೀವು ಪ್ರತ್ಯಯವನ್ನಷ್ಟೇ ಅಳೆದಿದ್ದೀರಿ, ಅದಕ್ಕೇ ಪ್ರತ್ಯಯದ ದೋಷವಷ್ಟೇ ಕಂಡಿದೆ.

1995ರಲ್ಲಿ ವರ್ಘಾ-ಖಾದೆಮ್ ತಂಡ ವಿಸ್ತಾರವಾದ ಪರೀಕ್ಷೆಗಳ ಫಲಿತಾಂಶ ಮುಂದಿಟ್ಟಿತು. ಮಾತಿಗೆ ಸಂಬಂಧವಿಲ್ಲದ ಐಕ್ಯೂ ಪರೀಕ್ಷೆಗಳಲ್ಲಿ ಬಾಧಿತರ ಸರಾಸರಿ 86, ಅದೇ ಮನೆಯ ಬಾಧೆಯಿಲ್ಲದವರದು 104. ಆದರೆ ಬಾಧಿತರಲ್ಲಿ ಕೆಲವರು ನೂರರ ಮೇಲೂ ಇದ್ದರು. ಹಾಗಾಗಿ ಕಡಿಮೆ ಐಕ್ಯೂವೇ ಕಾರಣ ಎನ್ನುವಂತಿಲ್ಲ, ಬುದ್ಧಿಯೆಲ್ಲ ಸರಿಯಿದ್ದು ವ್ಯಾಕರಣವೊಂದೇ ಹೋಗಿದೆ ಎಂದೂ ಹೇಳುವಂತಿಲ್ಲ. ಮುಖದ ಚಲನೆಯಲ್ಲೂ ದೋಷ ಕಂಡಿತು. ಬಾಯಿ ತೆರೆ, ನಾಲಿಗೆ ಚಾಚು, ತುಟಿ ಮುಚ್ಚು ಎಂಬ ಬಿಡಿ ಚಲನೆಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ ಮಾಡಿ ಎಂದರೆ ಅವರಿಗೆ ಕಷ್ಟವಾಗುತ್ತಿತ್ತು. ಇದರಲ್ಲಿ ಭಾಷೆಯ ಲವಲೇಶವೂ ಇಲ್ಲ. ಐದು ವರ್ಷಗಳ ನಂತರ ಬಂದ ಇನ್ನೊಂದು ಅಧ್ಯಯನ ನನಗೆ ವೈಯಕ್ತಿಕವಾಗಿ ಹೆಚ್ಚು ಇಷ್ಟ: ಬಾಧಿತರು ಸ್ವರದ ಏರಿಳಿತವನ್ನು ಇತರರಷ್ಟೇ ಚೆನ್ನಾಗಿ ಗುರುತಿಸಿ ಅನುಕರಿಸಿದರು, ಲಯ ಬಂದಾಗ ಸೋತರು. ಶ್ರುತಿ ಉಳಿದು ತಾಳ ತಪ್ಪಿತ್ತು. ಕಾಲದ ಓಟದಲ್ಲಿ ಒಂದರ ಹಿಂದೆ ಇನ್ನೊಂದನ್ನು ಇಡುವ ಕೆಲಸದಲ್ಲೇ ಏನೋ ಕೆಟ್ಟಿದೆ ಎಂಬ ಸುಳಿವು ಇದು.

ಪ್ರತ್ಯಯದ ವಾದಕ್ಕೆ ನೇರವಾಗಿ ತಗುಲಿದ ಏಟು ಬೇರೆಯೇ. ನಿಯಮದ ಏರ್ಪಾಡು ಮಾತ್ರ ಹೋಗಿದ್ದರೆ ‘ವಾಕ್ಡ್’ ಕೆಡಬೇಕು, ‘ವೆಂಟ್’ ಉಳಿಯಬೇಕು. ಪರೀಕ್ಷೆಯಲ್ಲಿ ಬಾಧಿತರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಪ್ಪಿದರು. ಕನ್ನಡಕ್ಕೆ ತಂದು ಹೇಳುವುದಾದರೆ ‘ಮಾಡಿದ’ ಎಷ್ಟು ಕಷ್ಟವೋ ‘ಬಂದ’ ಕೂಡ ಅಷ್ಟೇ ಕಷ್ಟ. ನಿಯಮ ಹೋಗಿ ನೆನಪು ಉಳಿದಿದೆ ಎಂಬ ಚೆಂದದ ಸೀಳು ಅಲ್ಲಿ ಇರಲೇ ಇಲ್ಲ.

ಹಾಗಾದರೆ ಬಾಧಿತರನ್ನೂ ಬಾಧೆಯಿಲ್ಲದವರನ್ನೂ ಅತ್ಯಂತ ಖಚಿತವಾಗಿ ಬೇರ್ಪಡಿಸಿದ ಪರೀಕ್ಷೆ ಯಾವುದು? 2002ರಲ್ಲಿ ಕೇಟ್ ವಾಟ್ಕಿನ್ಸ್, ನೀನಾ ಡ್ರಾಂಕರ್ಸ್ ಮತ್ತು ವರ್ಘಾ-ಖಾದೆಮ್ ಬಗೆಬಗೆಯ ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದರು. ಗೆದ್ದದ್ದು ಭೂತಕಾಲವಲ್ಲ, ಬಹುವಚನವಲ್ಲ. ಅರ್ಥವಿಲ್ಲದ ಪದವನ್ನು ಕೇಳಿ ಹಾಗೇ ತಿರುಗಿ ಹೇಳುವುದು! ಅದೂ ನಾಲಿಗೆಗೆ ತೊಡಕಾದ, ಒತ್ತಕ್ಷರಗಳಿಂದ ತುಂಬಿದ ಪದ. ಹಿಂದೆಂದೂ ಕೇಳದ ಧ್ವನಿಸರಣಿಯನ್ನು ಒಂದೆರಡು ಸೆಕೆಂಡು ತಲೆಯಲ್ಲಿ ಹಿಡಿದಿಟ್ಟುಕೊಂಡು, ಅದೇ ಕ್ರಮದಲ್ಲಿ ಬಾಯಿಗೆ ತರಬೇಕು. ನೋಡಿದರೆ ಎಳೆಯರ ಆಟ. ಆದರೆ ಮಗುವೊಂದು ಹೊಸ ಪದ ಕಲಿಯುವಾಗ ಪ್ರತಿಸಲ ಮಾಡುವುದು ಇದನ್ನೇ.

ಬಾಯಿಯೋ, ಮನಸ್ಸೋ?

ಇಲ್ಲಿಗೆ ಪ್ರಕರಣ ಮುಗಿಯಿತು, ಇದು ಬರೀ ಬಾಯಿಯ ತೊಂದರೆ ಎಂದು ಕೆಲವರು ಫೈಲು ಮುಚ್ಚಿದರು. ನನ್ನ ಪ್ರಕಾರ ಅದು ಅವಸರ. ಗೋಪ್ನಿಕ್ ಎತ್ತಿದ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ತೊಂದರೆ ನಾಲಿಗೆಯದೇ ಆಗಿದ್ದರೆ ಬರೆಯುವಾಗ ಯಾಕೆ ತಪ್ಪಬೇಕು? ಕೈಯಲ್ಲಿ ಪೆನ್ಸಿಲ್ ಇದೆ, ಅವಸರವಿಲ್ಲ, ಒತ್ತಕ್ಷರ ನುಂಗುವ ಭಯವಿಲ್ಲ. ಕ್ರಿಯಾಪದದ ಕೊನೆಗೆ ಇ-ಡಿ ಎಂಬ ಎರಡಕ್ಷರ ಸೇರಿಸಿದರೆ ಸಾಕು. ಆದರೂ ಅವು ಬಿಟ್ಟುಹೋಗುತ್ತಿದ್ದವು. ಇನ್ನು ಬಾಯಿ ಬಿಡದೆ, ವಾಕ್ಯ ಸರಿಯೋ ತಪ್ಪೋ ಎಂದು ಗುರುತು ಮಾಡುವಾಗ ನಾಲಿಗೆಗೆ ಕೆಲಸವೇ ಇಲ್ಲ.

ಉತ್ತರ ಬೆಳವಣಿಗೆಯ ಕಾಲಕ್ರಮದಲ್ಲಿದೆ ಎಂದು ನನಗೆ ಕಾಣುತ್ತದೆ. ಇಂಗ್ಲಿಷಿನ ಭೂತಕಾಲದ ಗುರುತು ಒಂದು ಸಣ್ಣ ಧ್ವನಿ. ‘ವಾಕ್ಡ್’ ಎಂದು ನಾವು ಬರೆದರೂ ಬಾಯಲ್ಲಿ ಅದು ‘ವಾಕ್ಟ್’, ಎರಡು ವ್ಯಂಜನ ಒಂದಕ್ಕೊಂದು ಅಂಟಿಕೊಂಡು ಕೊನೆಯಲ್ಲಿ ಸ್ವರವಿಲ್ಲದೆ ನಿಂತುಬಿಡುತ್ತದೆ. ಓಡುವ ಮಾತಿನಲ್ಲಿ ಅದು ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಇಲ್ಲ. ಎರಡು ಮೂರು ವರ್ಷದ ಮಗು ಅದನ್ನು ಸಾವಿರಾರು ಸಲ ಕೇಳಿ, ತಾನೂ ಹೇಳಿ, ಹೇಳಿದ್ದನ್ನು ತಾನೇ ಕೇಳಿಸಿಕೊಂಡು, ಕೊನೆಗೆ ಒಂದು ಮಾದರಿಯಾಗಿ ಹಿಡಿಯುತ್ತದೆ. ಹುಟ್ಟಿನಿಂದಲೇ ಧ್ವನಿಸರಣಿ ಕಲಸಿಹೋಗುವ ಮಗುವಿಗೆ ಆ ಮಾದರಿ ಮಸುಕಾಗಿಯೇ ಕೂರುತ್ತದೆ. ಮಸುಕಾದದ್ದರ ಮೇಲೆ ನಿಯಮ ಹೇಗೆ ನಿಲ್ಲಬೇಕು? ಹತ್ತು ವರ್ಷದ ನಂತರ ಪೆನ್ಸಿಲ್ ಹಿಡಿದಾಗ, ಕೈ ಬರೆಯುವುದು ತಲೆಯಲ್ಲಿರುವುದನ್ನೇ. ಅಂದರೆ ಬಾಲ್ಯದಲ್ಲಿ ಬಾಯಿಯ ತೊಂದರೆಯಾಗಿ ಶುರುವಾದದ್ದು ದೊಡ್ಡವರಾಗುವ ಹೊತ್ತಿಗೆ ವ್ಯಾಕರಣದ ತೊಂದರೆಯೂ ಆಗಿರಬಹುದು. ಗೋಪ್ನಿಕ್ ಕಂಡದ್ದು ನಿಜವೇ. ಅದು ಮೂಲವೋ ಪರಿಣಾಮವೋ ಎಂಬಲ್ಲಿ ಮಾತ್ರ ಜಗಳ.

ಇದಕ್ಕೆ ಬೆಂಬಲ ಕೊಡುವ ಒಂದು ಹೋಲಿಕೆ ಅದೇ 2002ರ ಅಧ್ಯಯನದಲ್ಲಿದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ವಯಸ್ಕರನ್ನು, ಅಂದರೆ ಅಫೇಸಿಯಾ ಇದ್ದವರನ್ನು, ಕೆಇ ಕುಟುಂಬದ ಬಾಧಿತರ ಜೊತೆ ಅದೇ ಪರೀಕ್ಷೆಗಳಿಗೆ ಕೂರಿಸಿದರು. ಎರಡು ಗುಂಪುಗಳ ಅಂಕಗಳು ಅಚ್ಚರಿಯಾಗುವಷ್ಟು ಹೋಲುತ್ತಿದ್ದವು. ಕೆಲವು ಪರೀಕ್ಷೆಗಳಲ್ಲಿ ಮಾತ್ರ ದಾರಿ ಬೇರೆಯಾಯಿತು. ನಿಜವಾದ ಪದಗಳನ್ನು ತಿರುಗಿ ಹೇಳುವುದರಲ್ಲಿ ಪಾರ್ಶ್ವವಾಯುವಿನ ರೋಗಿಗಳು ಮೇಲಿದ್ದರು. ಅವರು ಮಾತು ಕಲಿತ ಮೇಲೆ ಮೆದುಳಿಗೆ ಪೆಟ್ಟು ಬಿದ್ದಿತ್ತು, ಪದಗಳ ಉಚ್ಚಾರಣೆಯ ಹಳೆಯ ಜಾಡು ಅವರಲ್ಲಿ ಉಳಿದಿತ್ತು. ಕೆಇ ಕುಟುಂಬದವರಲ್ಲಿ ಅಂಥ ಜಾಡು ಮೊದಲಿಗೇ ಸರಿಯಾಗಿ ಮೂಡಿರಲಿಲ್ಲ.

ಮೆದುಳಿನ ಕಾಯಿಲೆಗಳ ಕಡೆಯಿಂದಲೂ ಇದೇ ಬಗೆಯ ಜಗಳ ನಡೆದಿತ್ತು. 1997ರಲ್ಲಿ ಮೈಕೇಲ್ ಉಲ್ಮನ್ ಮತ್ತು ಸಂಗಡಿಗರು, ಪಾರ್ಕಿನ್ಸನ್ ಕಾಯಿಲೆಯವರಿಗೆ ನಿಯಮದ ಭೂತಕಾಲ ಹೆಚ್ಚು ಕಷ್ಟವೆಂದೂ ಆಲ್ಜೈಮರ್ ಕಾಯಿಲೆಯವರಿಗೆ ನೆನಪಿನ ಭೂತಕಾಲ ಹೆಚ್ಚು ಕಷ್ಟವೆಂದೂ ವರದಿ ಮಾಡಿದರು. ಒಂದು ಕಾಯಿಲೆ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯ ಭಾಗವನ್ನು ಹಿಡಿಯುತ್ತದೆ, ಇನ್ನೊಂದು ನೆನಪಿನ ಭಾಗಗಳನ್ನು. ಎರಡು ಏರ್ಪಾಡುಗಳ ವಾದಕ್ಕೆ ಇದು ದೊಡ್ಡ ಬಲ. ಆದರೆ 2003ರಲ್ಲಿ ಹೆಲೆನ್ ಬರ್ಡ್, ಕರಲಿನ್ ಪ್ಯಾಟರ್ಸನ್ ಮತ್ತಿತರರು ತೊದಲಿ ಮಾತಾಡುವ ಅಫೇಸಿಯಾ ರೋಗಿಗಳಲ್ಲಿ ಇನ್ನೊಂದು ಬಗೆಯಲ್ಲಿ ನೋಡಿದರು. ಇಂಗ್ಲಿಷಿನಲ್ಲಿ ನಿಯಮದ ರೂಪಗಳೇ ಉಚ್ಚಾರಣೆಗೆ ಹೆಚ್ಚು ತೊಡಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಧ್ವನಿಯ ಭಾರ ಸಮವಿರುವ ಪದಗಳನ್ನು ಆರಿಸಿ ಕೊಟ್ಟಾಗ ನಿಯಮದ ಪದಗಳಿಗಿದ್ದ ವಿಶೇಷ ಕಷ್ಟ ಮಾಯವಾಯಿತು. ಪದಪಟ್ಟಿ ಮಾಡುವಾಗಿನ ಇಷ್ಟು ಸಣ್ಣ ಎಚ್ಚರಿಕೆಯಿಂದ ಒಂದು ದೊಡ್ಡ ಸಿದ್ಧಾಂತ ಅಲುಗಾಡಬಹುದು ಎಂಬುದು ಈ ಕ್ಷೇತ್ರದ ಗಮ್ಮತ್ತು, ತಲೆನೋವು ಕೂಡ.

ಏಳನೇ ಕ್ರೋಮೋಸೋಮ್

ಇತ್ತ ಜೀನ್ ಹುಡುಕಾಟ ಆಕ್ಸ್‌ಫರ್ಡ್‌ನಲ್ಲಿ ನಡೆದಿತ್ತು. ಆಂಥನಿ ಮೊನಾಕೊ ಅವರ ಪ್ರಯೋಗಾಲಯದಲ್ಲಿ ಸೈಮನ್ ಫಿಶರ್ ಮತ್ತು ಸಂಗಡಿಗರು 1998ರಲ್ಲಿ ದೋಷದ ಜಾಗವನ್ನು ಏಳನೇ ಕ್ರೋಮೋಸೋಮಿನ ಉದ್ದ ತೋಳಿನ ಒಂದು ತುಂಡಿಗೆ ಇಳಿಸಿದರು. ಆ ತುಂಡಿನಲ್ಲೂ ಹತ್ತಾರು ಜೀನ್‌ಗಳಿದ್ದವು. ಒಂದೊಂದನ್ನೇ ಓದುತ್ತ ಹೋದರೆ ವರ್ಷಗಟ್ಟಲೆ ಕೆಲಸ. ಆಗ ಕೈಹಿಡಿದದ್ದು ಕೆಇ ಕುಟುಂಬಕ್ಕೆ ಯಾವ ಸಂಬಂಧವೂ ಇಲ್ಲದ ಒಬ್ಬ ಹುಡುಗ. ವರದಿಗಳಲ್ಲಿ ಅವನ ಗುರುತು ಸಿಎಸ್. ಮಾತಿನ ತೊಂದರೆ ಅದೇ ಬಗೆಯದು. ಅವನ ಐದನೇ ಮತ್ತು ಏಳನೇ ಕ್ರೋಮೋಸೋಮುಗಳು ಮುರಿದು ತುಂಡುಗಳು ಅದಲುಬದಲಾಗಿದ್ದವು, ಏಳನೆಯದು ಮುರಿದ ಜಾಗ ಸರಿಯಾಗಿ ಶಂಕಿತ ತುಂಡಿನೊಳಗೇ ಇತ್ತು.

ಮುರಿದ ಜಾಗದಲ್ಲಿದ್ದ ಜೀನ್ ಫಾಕ್ಸ್‌ಪಿ2. ಸಿಸಿಲಿಯಾ ಲಾಯ್, ಫಿಶರ್ ಮತ್ತಿತರರು 2001ರ ಅಕ್ಟೋಬರಿನಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದಂತೆ, ಕೆಇ ಕುಟುಂಬದ ಬಾಧಿತರೆಲ್ಲರ ಈ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು, ‘ಜಿ’ ಇರಬೇಕಾದಲ್ಲಿ ‘ಎ’. ಅದರಿಂದಾಗಿ 715 ಅಮೈನೊ ಆಮ್ಲಗಳ ಪ್ರೋಟೀನಿನಲ್ಲಿ 553ನೆಯದು ಆರ್ಜಿನಿನ್ ಆಗುವ ಬದಲು ಹಿಸ್ಟಿಡಿನ್ ಆಗಿತ್ತು. ಮನೆಯಲ್ಲಿ ಬಾಧೆಯಿಲ್ಲದ ಒಬ್ಬರಲ್ಲೂ ಈ ಬದಲಾವಣೆ ಇರಲಿಲ್ಲ. ಹೋಲಿಕೆಗೆಂದು ತೆಗೆದುಕೊಂಡ ಹೊರಗಿನವರ 364 ಕ್ರೋಮೋಸೋಮುಗಳಲ್ಲೂ ಇರಲಿಲ್ಲ.

ಈ ಪ್ರೋಟೀನಿನ ಕೆಲಸ ಡಿಎನ್‌ಎ ಮೇಲೆ ಕೂತು ಇತರ ಜೀನ್‌ಗಳನ್ನು ಹೆಚ್ಚಿಸುವುದು, ತಗ್ಗಿಸುವುದು. ದೋಷ ಬಿದ್ದದ್ದು ಹಾಗೆ ಕೂರುವ ಭಾಗದಲ್ಲೇ. ಇದು ಮೆದುಳಿನಲ್ಲಷ್ಟೇ ಅಲ್ಲ, ಶ್ವಾಸಕೋಶದಲ್ಲಿ, ಹೃದಯದಲ್ಲಿ, ಕರುಳಿನಲ್ಲಿ ಕೂಡ ಬೆಳವಣಿಗೆಯ ಕಾಲದಲ್ಲಿ ಕೆಲಸ ಮಾಡುತ್ತದೆ. ಇಲಿಗೂ ಇದೆ, ಹಕ್ಕಿಗೂ ಇದೆ. ಚಿಂಪಾಂಜಿಯ ಪ್ರೋಟೀನಿಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಎರಡು ಅಮೈನೊ ಆಮ್ಲ ಮಾತ್ರ. 2007ರಲ್ಲಿ ಜೀಬ್ರಾ ಫಿಂಚ್ ಎಂಬ ಹಾಡುಹಕ್ಕಿಯ ಮರಿಗಳ ಮೆದುಳಿನ ಒಂದು ಭಾಗದಲ್ಲಿ ಈ ಜೀನ್ ತಗ್ಗಿಸಿದಾಗ ಅವು ಗುರುವಿನ ಹಾಡನ್ನು ಅರೆಬರೆಯಾಗಿ, ತಪ್ಪುತಪ್ಪಾಗಿ ಕಲಿತವು. ಆ ಭಾಗ ಹಕ್ಕಿಯ ಬೇಸಲ್ ಗ್ಯಾಂಗ್ಲಿಯಕ್ಕೆ ಸೇರಿದ್ದು. ಹಕ್ಕಿಗೆ ಪ್ರತ್ಯಯ ಎಲ್ಲಿಂದ ಬರಬೇಕು? ‘ವ್ಯಾಕರಣದ ಜೀನ್’ ಎಂಬ ಮಾತು ಇಲ್ಲಿಗೆ ನಿಲ್ಲಬೇಕಿತ್ತು. ನಿಂತಿಲ್ಲ, ಇವತ್ತಿಗೂ ವಾಟ್ಸಾಪ್ ವಿಜ್ಞಾನದಲ್ಲಿ ಓಡಾಡುತ್ತಿದೆ.

ಮೆದುಳಿನ ಚಿತ್ರಗಳು ಹಕ್ಕಿಯ ಕಥೆಗೆ ಹೊಂದುತ್ತವೆ. ಬಾಧಿತರಲ್ಲಿ ಎರಡೂ ಕಡೆಯ ಕಾಡೇಟ್ ನ್ಯೂಕ್ಲಿಯಸ್ ಗಾತ್ರದಲ್ಲಿ ಚಿಕ್ಕದಾಗಿತ್ತು. ಅದು ಬೇಸಲ್ ಗ್ಯಾಂಗ್ಲಿಯದ ಭಾಗ, ಚಲನೆಗಳ ಸರಣಿಯನ್ನು ಅಭ್ಯಾಸದಿಂದ ಕಲಿಯುವಲ್ಲಿ ಅದರ ಪಾತ್ರವಿದೆ. 2003ರಲ್ಲಿ ಫ್ರೆಡರಿಕ್ ಲಿಯೆಜ್ವಾ ಮತ್ತು ಸಂಗಡಿಗರು ಕೆಲಸ ಮಾಡುತ್ತಿರುವ ಮೆದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದರು. ಒಂದು ನಾಮಪದ ಕೊಟ್ಟು ಅದಕ್ಕೆ ಹೊಂದುವ ಕ್ರಿಯಾಪದ ಯೋಚಿಸಬೇಕು, ಒಮ್ಮೆ ಗಟ್ಟಿಯಾಗಿ ಹೇಳಬೇಕು, ಒಮ್ಮೆ ಮನಸ್ಸಿನಲ್ಲೇ. ಬಾಧೆಯಿಲ್ಲದವರಲ್ಲಿ ಎಡಭಾಗದ ಬ್ರೋಕಾ ಪ್ರದೇಶ ಎದ್ದು ಕಂಡಿತು. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಮಾತು ನಿಂತ ರೋಗಿಯ ಮೆದುಳಿನಲ್ಲಿ ಗುರುತಿಸಿದ ಅದೇ ಜಾಗ. ಬಾಧಿತರಲ್ಲಿ ಅದು ಮಂಕಾಗಿತ್ತು, ಚಟುವಟಿಕೆ ಎರಡೂ ಅರ್ಧಗೋಳಗಳಿಗೆ ಹರಡಿತ್ತು. ಮುಖ್ಯ ಸಂಗತಿ ಎಂದರೆ ತುಟಿ ಅಲುಗಿಸದೆ ಯೋಚಿಸಿದಾಗಲೂ ವ್ಯತ್ಯಾಸ ಇತ್ತು. ಹಾಗಾಗಿ ‘ಬರೀ ಬಾಯಿಯ ತೊಂದರೆ’ ಎಂದವರಿಗೂ ಈ ಚಿತ್ರ ಸುಲಭದ ತುತ್ತಲ್ಲ. ಪದವನ್ನು ಒಳಗೊಳಗೇ ಹುಡುಕುವ ಹೊತ್ತಿಗೇ ಮೆದುಳು ಬೇರೆ ದಾರಿ ಹಿಡಿದಿರುತ್ತದೆ.

ಇದೇ ದೋಷ ಕನ್ನಡದ ಮನೆಯಲ್ಲಿದ್ದರೆ

ಕೆಇ ಕುಟುಂಬ ಇಂಗ್ಲಿಷ್ ಆಡುವ ಮನೆತನವಾಗಿದ್ದದ್ದು ಈ ಕಥೆಯ ಸಣ್ಣ ವಿವರವೇನಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲ ಕಳಚಿದರೂ ಉಳಿದದ್ದು ಒಂದು ಪೂರ್ತಿ ಪದವೇ, ವಾಕ್ಯ ಹೇಗೋ ನಡೆಯುತ್ತದೆ. ಭಾಷಾ ಬೆಳವಣಿಗೆಯ ತೊಂದರೆಯಿರುವ ಇಟಾಲಿಯನ್ ಮಕ್ಕಳನ್ನು ಅದೇ ಮಟ್ಟದ ಇಂಗ್ಲಿಷ್ ಮಕ್ಕಳ ಜೊತೆ ಹೋಲಿಸಿದ ಲಾರೆನ್ಸ್ ಲೆನರ್ಡ್ ಅವರಿಗೆ, ಇಟಾಲಿಯನ್ ಮಕ್ಕಳು ಕ್ರಿಯಾಪದದ ರೂಪಗಳನ್ನು ಎಷ್ಟೋ ಚೆನ್ನಾಗಿ ನಿಭಾಯಿಸುವುದು ಕಂಡಿತು. ಇಟಾಲಿಯನ್ನಿನ ಪ್ರತ್ಯಯಗಳಲ್ಲಿ ಸ್ವರವಿದೆ, ಅವು ಕಿವಿಗೆ ಬೀಳುತ್ತವೆ. ಆ ಮಕ್ಕಳು ಎಡವಿದ್ದು ಒತ್ತಿ ಹೇಳದ ಪುಟ್ಟ ಪದಗಳಲ್ಲಿ.

ಕನ್ನಡವೂ ಈ ವಿಷಯದಲ್ಲಿ ಇಟಾಲಿಯನ್ನಿನ ಕಡೆಯದು, ಬಹುಶಃ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ‘ನಡೆದಳು’ ಎಂಬುದರಲ್ಲಿ ಕಾಲದ ಗುರುತೂ ಲಿಂಗವಚನದ ಗುರುತೂ ಸೇರಿ ಎರಡು ಪೂರ್ತಿ ಅಕ್ಷರ. ಬಾಲ ಕಿತ್ತರೆ ಉಳಿಯುವ ‘ನಡೆ’ ಅಪ್ಪಣೆಯಾಗಿಬಿಡುತ್ತದೆ, ‘ಅವಳು ನಿನ್ನೆ ನಡೆ’ ಎಂಬ ವಾಕ್ಯ ಯಾವ ಕನ್ನಡ ಕಿವಿಗೂ ಒಪ್ಪದು. ಇಂಥ ಭಾಷೆಯಲ್ಲಿ ಬಾಧಿತರು ಪ್ರತ್ಯಯ ಬಿಡುವುದಕ್ಕಿಂತ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು, ‘ನಡೆದಳು’ ಬದಲು ‘ನಡೆದ’ ಎನ್ನುವುದು ಹೆಚ್ಚಾಗಿರಬಹುದು ಎಂಬುದು ನನ್ನ ಊಹೆ. ‘ಕಿತ್ತ’, ‘ಕೊಟ್ಟ’, ‘ಎದ್ದ’ ಎಂಬ ಒತ್ತಿನ ರೂಪಗಳು ಕನ್ನಡದಲ್ಲಿ ನಿಯಮ ಮೀರಿದ ಕ್ರಿಯಾಪದಗಳಲ್ಲೇ ಹೆಚ್ಚು, ‘ಮಾಡಿದ’ ‘ಓಡಿದ’ ಎಂಬವು ನಾಲಿಗೆಗೆ ಹಗುರ. ಅಂದರೆ ಇಂಗ್ಲಿಷಿನ ಲೆಕ್ಕ ಇಲ್ಲಿ ತಿರುವುಮುರುವಾಗಿದೆ. ನಿಯಮ ಬೇರೆ, ಧ್ವನಿಯ ತೊಡಕು ಬೇರೆ ಎಂದು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಭಾಷೆ ಬೇಕೆ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರುವ ಮಗುವಿನ ಮುಂದೆ ಇಂಗ್ಲಿಷಿನ ಭೂತಕಾಲದ ಪಟ್ಟಿಯನ್ನು ಅನುವಾದಿಸಿ ಇಟ್ಟರೆ ಯಾಕೆ ಕೆಲಸವಾಗದು ಎಂಬುದೂ ಇದರಿಂದಲೇ ತಿಳಿಯುತ್ತದೆ. ಪಟ್ಟಿಯನ್ನು ಕನ್ನಡದೊಳಗಿಂದಲೇ ಕಟ್ಟಬೇಕು.

ಆಮೇಲೆ

2002ರಲ್ಲಿ ಡಯಾನ್ ನ್ಯೂಬರಿ ಮತ್ತು ಸಂಗಡಿಗರು, ಭಾಷಾ ಬೆಳವಣಿಗೆಯಷ್ಟೇ ಹಿಂದುಳಿದ ಸಾಮಾನ್ಯ ಮಕ್ಕಳಲ್ಲಿ ಫಾಕ್ಸ್‌ಪಿ2 ದೋಷ ಮುಖ್ಯ ಕಾರಣವಲ್ಲ ಎಂದು ತೋರಿಸಿದರು. ಆದರೆ ಉಚ್ಚಾರಣೆಯ ಜೋಡಣೆಯಲ್ಲೇ ತೊಂದರೆಯಿರುವ 49 ಮಕ್ಕಳನ್ನು ಹುಡುಕಿ 2005ರಲ್ಲಿ ಪರೀಕ್ಷಿಸಿದಾಗ ಒಂದು ಮಗುವಿನಲ್ಲಿ ಇದೇ ಜೀನ್ ಅರ್ಧದಲ್ಲೇ ನಿಂತುಹೋಗುವ ದೋಷ ಸಿಕ್ಕಿತು. ಮಗುವಿನ ಒಡಹುಟ್ಟಿದ್ದಕ್ಕೂ ತಾಯಿಗೂ ಅದೇ ದೋಷ, ಅದೇ ತೊಂದರೆ. ಆಮೇಲೆ ಬೇರೆ ಬೇರೆ ದೇಶಗಳಿಂದ ಇನ್ನಷ್ಟು ಪ್ರಕರಣಗಳು ವರದಿಯಾಗಿವೆ. ವೈದ್ಯರು ಅವಕ್ಕೆ ಕೊಡುವ ಹೆಸರು ಬಾಲ್ಯದ ಮಾತಿನ ಅಪ್ರಾಕ್ಸಿಯಾ. ಹರ್ಸ್ಟ್ ಅವರ 1990ರ ಮೊದಲ ವರದಿ ಹೇಳಿದ್ದಕ್ಕೆ ಅದು ಬಹಳ ಹತ್ತಿರ.

ಕಥೆಗೆ ಇನ್ನೊಂದು ತಿರುವು ಬಂದದ್ದು 2008ರಲ್ಲಿ. ಸೋನ್ಯಾ ವರ್ನ್ಸ್, ಫಿಶರ್ ಮತ್ತಿತರರು ಫಾಕ್ಸ್‌ಪಿ2 ಯಾವ ಜೀನ್‌ಗಳನ್ನು ನಿಯಂತ್ರಿಸುತ್ತದೆ ಎಂದು ಹುಡುಕುತ್ತ ಸಿಎನ್‌ಟಿಎನ್‌ಎಪಿ2 ಎಂಬ ಜೀನ್ ತಲುಪಿದರು. ಭಾಷಾ ಬೆಳವಣಿಗೆಯ ಸಾಮಾನ್ಯ ತೊಂದರೆಯಿರುವ 184 ಕುಟುಂಬಗಳಲ್ಲಿ ಈ ಎರಡನೇ ಜೀನ್‌ನ ಕೆಲವು ರೂಪಗಳಿಗೂ ಮಕ್ಕಳ ಅಂಕಗಳಿಗೂ ನಂಟು ಕಂಡಿತು. ನಂಟು ಎದ್ದು ಕಂಡದ್ದು ಅರ್ಥವಿಲ್ಲದ ಪದವನ್ನು ಕೇಳಿ ತಿರುಗಿ ಹೇಳುವ ಪರೀಕ್ಷೆಯಲ್ಲಿ.